ಯಂತ್ರ ಮೊದಲು ಯಾರ ಮಾತು ಕೇಳಬೇಕು

1990ರ ದಶಕದ ನಡುಭಾಗದಲ್ಲಿ ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ನಾನು ಇನ್‌ಸ್ಟ್ರಕ್ಟರ್ ಆಗಿ ಸೇರಿದಾಗ ಅಲ್ಲಿನ ಬಹುಪಾಲು ಯಂತ್ರಗಳಿಗೆ ಹಾರ್ಡ್ ಡಿಸ್ಕೇ ಇರಲಿಲ್ಲ. ಅವುಗಳನ್ನು ನೋಡ್ ಎನ್ನುತ್ತಿದ್ದೆವು. ಮೂಲೆಯಲ್ಲಿ ಯುಪಿಎಸ್ ಪಕ್ಕಕ್ಕೆ ನಾವೆಲ್ ನೆಟ್‌ವೇರ್ ಹಾಕಿದ್ದ ಒಂದೇ ಒಂದು ಸರ್ವರ್. ಹಾರ್ಡ್ ಡಿಸ್ಕ್ ಆಗ ದುಬಾರಿ ವಸ್ತು. ಪ್ರತಿ ಯಂತ್ರಕ್ಕೂ ಒಂದೊಂದು ಕೊಳ್ಳುವ ಶಕ್ತಿ ಕಾಲೇಜಿಗಿರಲಿಲ್ಲ. ಹಾಗಾಗಿ ಡಿಸ್ಕ್ ಒಂದು ಕಡೆ, ಕೂತು ಕೆಲಸ ಮಾಡುವ ಜಾಗ ಹತ್ತು ಕಡೆ.

ಡಿಸ್ಕಿಲ್ಲದ ಯಂತ್ರ ಏಳುವ ಬಗೆ ಹೀಗಿತ್ತು. ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡಿನಲ್ಲಿ ಒಂದು ಖಾಲಿ ಸಾಕೆಟ್ ಇರುತ್ತಿತ್ತು. ಅದರಲ್ಲಿ ಬೂಟ್ ರಾಮ್ ಎಂಬ ಚಿಪ್ ಕೂರಿಸುತ್ತಿದ್ದೆವು. ಸ್ವಿಚ್ ಹಾಕಿದ ಕೂಡಲೇ ಬಯಾಸ್ ಎಂಬ ಮೂಲ ಪ್ರೋಗ್ರಾಂ ಮೆಮೊರಿ ಎಣಿಸಿ, ಕೀಬೋರ್ಡ್ ಇದೆಯೇ ಎಂದು ನೋಡಿ, ಕೊನೆಗೆ ಆ ಚಿಪ್ಪಿನಲ್ಲಿದ್ದ ಪುಟ್ಟ ಪ್ರೋಗ್ರಾಮಿನ ಕೈಗೆ ಕೆಲಸ ಒಪ್ಪಿಸುತ್ತಿತ್ತು. ಆ ಪ್ರೋಗ್ರಾಂ ಕೇಬಲ್ ಮೇಲೆ ಸರ್ವರನ್ನು ಹುಡುಕಿ, ಅದರ ಲಾಗಿನ್ ಡೈರೆಕ್ಟರಿಯಲ್ಲಿದ್ದ ಒಂದು ಫೈಲನ್ನು ತರಿಸಿಕೊಳ್ಳುತ್ತಿತ್ತು. ಆ ಫೈಲು ಡಾಸ್‌ನ ಬೂಟ್ ಫ್ಲಾಪಿಯೊಂದರ ಪಡಿಯಚ್ಚು. ಯಂತ್ರ ಅದನ್ನೇ ಎ ಡ್ರೈವಿನಲ್ಲಿರುವ ಫ್ಲಾಪಿ ಎಂದು ತಿಳಿದು ಡಾಸ್ ಎಬ್ಬಿಸುತ್ತಿತ್ತು. ಪರದೆಯ ಮೇಲೆ ಎಫ್ ಪ್ರಾಂಪ್ಟ್ ಬಂತೆಂದರೆ ಸರ್ವರ್ ಸಿಕ್ಕಿತು, ಇನ್ನು ಲಾಗಿನ್ ಆಗಬಹುದು ಎಂದರ್ಥ.

ಯಂತ್ರಗಳನ್ನು ಜೋಡಿಸಿದ್ದು ಕೊಆಕ್ಸಿಯಲ್ ಕೇಬಲ್. ಪ್ರತಿ ಯಂತ್ರದ ಬೆನ್ನಿಗೆ ಟಿ ಆಕಾರದ ಕನೆಕ್ಟರ್, ಸಾಲಿನ ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್. ಯಾರದೋ ಕಾಲು ತಾಗಿ ಒಂದು ಟರ್ಮಿನೇಟರ್ ಸಡಿಲವಾದರೆ ಇಡೀ ಸಾಲು ನಿಂತುಹೋಗುತ್ತಿತ್ತು. "ಸರ್, ಕಿಟಕಿ ಕಡೀ ಸಾಲಿನಾಗ ಒಂದೂ ಏಳವಲ್ದು ನೋಡ್ರಿ" ಎಂದು ಅಟೆಂಡರ್ ಬಂದು ಹೇಳುವಾಗಲೇ ಅವರ ಕೈಯಲ್ಲಿ ಬದಲಿ ಟರ್ಮಿನೇಟರ್ ಇರುತ್ತಿತ್ತು. ದೋಷ ಎಲ್ಲಿರಬಹುದು ಎಂಬುದನ್ನು ಅವರು ಯಾವ ಪುಸ್ತಕವನ್ನೂ ಓದದೆ ಕಲಿತಿದ್ದರು. ಒಂದೇ ಯಂತ್ರ ಏಳದಿದ್ದರೆ ಕಾರ್ಡು ಅಥವಾ ಚಿಪ್, ಒಂದು ಸಾಲು ಏಳದಿದ್ದರೆ ಕೇಬಲ್, ಎಲ್ಲವೂ ಏಳದಿದ್ದರೆ ಸರ್ವರ್. ಮುಂದೆ ನಾನು ಕೆಲಸ ಮಾಡಿದ ಎಲ್ಲ ನೆಟ್‌ವರ್ಕುಗಳಲ್ಲೂ ಈ ಸೂತ್ರವನ್ನೇ ಹಿಡಿದು ಹೋಗಿದ್ದೇನೆ.

ಆ ಏರ್ಪಾಡು ನಿಧಾನದ್ದು. ಎಲ್ಲರೂ ಒಟ್ಟಿಗೆ ಟರ್ಬೊ ಸಿ ತೆರೆದರೆ ಸರ್ವರ್ ಏದುಸಿರು ಬಿಡುತ್ತಿತ್ತು. ಆದರೆ ಅದರಲ್ಲಿ ಒಂದು ಶಿಸ್ತಿತ್ತು. ಯಾವ ಯಂತ್ರ ಯಾವ ಪ್ರೋಗ್ರಾಮಿನಿಂದ ಏಳಬೇಕು ಎಂಬುದು ಒಂದೇ ಕಡೆ ತೀರ್ಮಾನವಾಗುತ್ತಿತ್ತು. ಆ ತೀರ್ಮಾನಕ್ಕೆ ಹೊಣೆಗಾರರು ಯಾರೆಂಬುದು ಇಡೀ ವಿಭಾಗಕ್ಕೆ ಗೊತ್ತಿತ್ತು.

ವಿಂಡೋಸ್ 95 ಬಂದಮೇಲೆ ಆ ಶಿಸ್ತು ಹೋಯಿತು. ಹಾರ್ಡ್ ಡಿಸ್ಕ್ ಅಗ್ಗವಾಗಿ ಪ್ರತಿ ಯಂತ್ರವೂ ಸ್ವತಂತ್ರವಾಯಿತು. ಬಯಾಸ್ ಸೆಟಪ್ಪಿನ ನೀಲಿ ಪರದೆಯಲ್ಲಿ 'ಬೂಟ್ ಸೀಕ್ವೆನ್ಸ್' ಎಂಬ ಸಾಲು ಮುಖ್ಯವಾದದ್ದು ಆಗಲೇ. ಕಾರ್ಖಾನೆಯಿಂದ ಬರುವಾಗ ಅದರ ಮುಂದೆ 'ಎ, ಸಿ' ಎಂದಿರುತ್ತಿತ್ತು. ಮೊದಲು ಫ್ಲಾಪಿ ನೋಡು, ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ನೋಡು ಎಂಬ ಆಜ್ಞೆ ಅದು.

ಈ ಆಜ್ಞೆಯ ಒಳಗೆ ಏನಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸ್ಕಿನ ಮೊದಲ ಸೆಕ್ಟರ್ 512 ಬೈಟಿನದು. ಹಾರ್ಡ್ ಡಿಸ್ಕಿನಲ್ಲಾದರೆ ಅದರಲ್ಲಿ 446 ಬೈಟ್ ಪ್ರೋಗ್ರಾಂ, 64 ಬೈಟ್ ಪಾರ್ಟಿಷನ್ ಪಟ್ಟಿ, ಕೊನೆಯ 2 ಬೈಟ್ ಗುರುತು. ಬಯಾಸ್ ಆ ಸೆಕ್ಟರನ್ನು ಮೆಮೊರಿಗೆ ತಂದು ಹಾಗೆಯೇ ಓಡಿಸುತ್ತಿತ್ತು. ಯಾರು ಬರೆದದ್ದು, ಯಾವಾಗ ಬರೆದದ್ದು, ನಡುವೆ ಯಾರಾದರೂ ತಿದ್ದಿದ್ದಾರೆಯೇ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದೇ ಒಡೆಯ.

ಬೂಟ್ ಸೆಕ್ಟರ್ ವೈರಸ್ಸುಗಳು ಬದುಕಿದ್ದು ಈ ಸಡಿಲಿನಲ್ಲಿ. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಬ್ರೇನ್, ಮಾರ್ಚ್ 6ರಂದು ಡಿಸ್ಕ್ ಅಳಿಸುತ್ತಿದ್ದ ಮೈಕೆಲೆಂಜೆಲೊ, ಎಲ್ಲದರ ದಾರಿಯೂ ಒಂದೇ. ನಮ್ಮ ಲ್ಯಾಬಿನಲ್ಲಿ ಅವು ಹರಡುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಿದ್ದೇನೆ. ವಿದ್ಯಾರ್ಥಿಯೊಬ್ಬ ಸಂಜೆ ತನ್ನ ಪ್ರೋಗ್ರಾಮುಗಳಿರುವ ಫ್ಲಾಪಿಯನ್ನು ಡ್ರೈವಿನಲ್ಲೇ ಮರೆತು ಹೋಗುತ್ತಾನೆ. ಮರುದಿನ ಬೆಳಿಗ್ಗೆ ಅಟೆಂಡರ್ ಮೇನ್ ಹಾಕುತ್ತಾರೆ. ಪರದೆಯ ಮೇಲೆ 'ನಾನ್-ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್' ಎಂದು ಬರುತ್ತದೆ. ಮೊದಲ ತಂಡದ ಹುಡುಗ ಫ್ಲಾಪಿ ತೆಗೆದು ಯಾವುದೋ ಕೀ ಒತ್ತುತ್ತಾನೆ. ವಿಂಡೋಸ್ ಏಳುತ್ತದೆ. ಎಲ್ಲ ಸರಿಹೋಯಿತು ಎಂದುಕೊಳ್ಳುತ್ತಾನೆ.

ಸರಿಹೋಗಿರುವುದಿಲ್ಲ. ಸಿಸ್ಟಮ್ ಫೈಲುಗಳಿಲ್ಲದ ಫ್ಲಾಪಿಯಲ್ಲೂ ಬೂಟ್ ಸೆಕ್ಟರ್ ಇರುತ್ತದೆ. 'ನಾನ್-ಸಿಸ್ಟಮ್ ಡಿಸ್ಕ್' ಎಂಬ ಆ ಸಂದೇಶವನ್ನು ಪರದೆಗೆ ಬರೆಯುವುದೂ ಆ ಸೆಕ್ಟರಿನಲ್ಲಿರುವ ಪ್ರೋಗ್ರಾಮೇ. ಅಂದರೆ ಸಂದೇಶ ಕಾಣಿಸುವ ಹೊತ್ತಿಗೆ ಫ್ಲಾಪಿಯಲ್ಲಿದ್ದ ಕೋಡ್ ಆಗಲೇ ಓಡಿ ಆಗಿದೆ. ಸೋಂಕು ತಗುಲಿದ ಫ್ಲಾಪಿಯಾದರೆ ವೈರಸ್ ಮೊದಲು ಹಾರ್ಡ್ ಡಿಸ್ಕಿಗೆ ತನ್ನನ್ನು ಬರೆದುಕೊಂಡು, ಆಮೇಲೆ ಮೂಲ ಸೆಕ್ಟರನ್ನು ಕರೆದು ಅದೇ ಮಾಮೂಲಿ ಸಂದೇಶ ತೋರಿಸುತ್ತಿತ್ತು. ಅಲ್ಲಿಂದಾಚೆ ಆ ಯಂತ್ರಕ್ಕೆ ಹಾಕಿದ ಫ್ಲಾಪಿಗಳಿಗೆಲ್ಲ ಸೋಂಕು.

ಇದಕ್ಕೆ ಮದ್ದು ಸೆಟಪ್ ಪುಟದಲ್ಲೇ ಇತ್ತು. ಡಿಲೀಟ್ ಕೀ ಒತ್ತಿ ಒಳಹೊಕ್ಕು, ಪೇಜ್ ಅಪ್ ಕೀಲಿಯಿಂದ 'ಎ, ಸಿ' ಇದ್ದದ್ದನ್ನು 'ಸಿ, ಎ' ಮಾಡಿ, ಸೆಟಪ್ಪಿಗೆ ಪಾಸ್‌ವರ್ಡ್ ಹಾಕಿ ಹೊರಬರುವುದು. ಸಾಲು ಸಾಲಾಗಿ ಎಲ್ಲ ಯಂತ್ರಗಳಿಗೂ ಹಾಗೆ ಮಾಡಿದೆವು. ಬೂಟ್ ಸೆಕ್ಟರ್ ವೈರಸ್ಸುಗಳ ಹಾವಳಿ ಇಳಿದದ್ದು ಅದರಿಂದ. ಆಂಟಿವೈರಸ್ ಸಿ.ಡಿ.ಗಳಿಗೆ ಖರ್ಚು ಮಾಡಿದ ಹಣಕ್ಕಿಂತ ಆ ಒಂದು ಸಾಲಿನ ಬದಲಾವಣೆ ಹೆಚ್ಚು ಕೆಲಸ ಮಾಡಿತು. ಆದರೆ ಪಾಸ್‌ವರ್ಡಿನ ಬಲ ಕೇಸಿನ ಸ್ಕ್ರೂ ಇರುವಷ್ಟು ಹೊತ್ತು ಮಾತ್ರ. ಮದರ್‌ಬೋರ್ಡಿನ ಮೇಲಿನ ಗುಂಡಗಿನ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ, ಇಲ್ಲವೇ ಪಕ್ಕದ ಜಂಪರ್ ಬದಲಿಸಿದರೆ, ಪಾಸ್‌ವರ್ಡೂ ಹೋಗುತ್ತಿತ್ತು, ನಮ್ಮ 'ಸಿ, ಎ' ಕೂಡ ಹೋಗುತ್ತಿತ್ತು.

1999ರ ಏಪ್ರಿಲ್ 26 ಇನ್ನೊಂದು ಪಾಠ ಕಲಿಸಿತು. ಸಿಐಎಚ್ ಎಂಬ ವೈರಸ್ ಹೊಕ್ಕಿದ್ದ ವಿಂಡೋಸ್ 95, 98 ಯಂತ್ರಗಳು ಅಂದು ಜಗತ್ತಿನ ಹಲವೆಡೆ ಕೆಟ್ಟವು. ಅದು ಹಾರ್ಡ್ ಡಿಸ್ಕಿನ ಆರಂಭದ ಭಾಗ ಅಳಿಸುತ್ತಿತ್ತು. ಕೆಲವು ಮದರ್‌ಬೋರ್ಡುಗಳಲ್ಲಿ ಬಯಾಸ್ ಇದ್ದ ಫ್ಲ್ಯಾಶ್ ಚಿಪ್ಪಿನ ಮೇಲೂ ಕಸ ಬರೆಯುತ್ತಿತ್ತು. ಬಯಾಸ್ ಕೆಟ್ಟ ಯಂತ್ರಕ್ಕೆ ಫ್ಲಾಪಿಯೂ ಇಲ್ಲ, ಡಿಸ್ಕೂ ಇಲ್ಲ, ನೆಟ್‌ವರ್ಕೂ ಇಲ್ಲ. ಯಾರ ಮಾತು ಕೇಳಬೇಕು ಎಂದು ತೀರ್ಮಾನಿಸುವ ಫರ್ಮ್‌ವೇರೇ ತಿದ್ದಬಹುದಾದ ವಸ್ತು ಎಂಬುದು ಬಹಳ ಮಂದಿಗೆ ತಿಳಿದದ್ದು ಆಗ.

ನಡುವೆ ಸಿ.ಡಿ. ಬಂತು, ಪೆನ್ ಡ್ರೈವ್ ಬಂತು. ಸಿ.ಡಿ.ಯಿಂದ ಬೂಟ್ ಮಾಡುವ ಎಲ್ ಟೊರಿಟೊ ಎಂಬ ಕ್ರಮವನ್ನು ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು 1995ರಲ್ಲಿ ರೂಪಿಸಿದ್ದವು. ಪೆನ್ ಡ್ರೈವ್ ಬಂದ ಹೊಸತರಲ್ಲಿ ಸೆಟಪ್ಪಿನಲ್ಲಿ ಯುಎಸ್‌ಬಿ-ಎಫ್‌ಡಿಡಿ, ಯುಎಸ್‌ಬಿ-ಜಿಪ್, ಯುಎಸ್‌ಬಿ-ಎಚ್‌ಡಿಡಿ ಎಂದು ಮೂರು ಆಯ್ಕೆಗಳು. ಒಂದೇ ಡ್ರೈವು ಒಂದು ಯಂತ್ರದಲ್ಲಿ ಜಿಪ್ ಎಂದರೆ ಏಳುತ್ತಿತ್ತು, ಮತ್ತೊಂದರಲ್ಲಿ ಹಾರ್ಡ್ ಡಿಸ್ಕ್ ಎಂದರೆ. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಅಲ್ಲಿಲ್ಲ. ಪಟ್ಟಿ ಉದ್ದವಾಯಿತು, ನಂಬುವ ರೀತಿ ಹಾಗೇ ಉಳಿಯಿತು.

ನೆಟ್‌ವರ್ಕ್ ಬೂಟ್ ನಮ್ಮ ಲ್ಯಾಬಿಗೆ ಮರಳಿದ್ದು ಪಿಎಕ್ಸ್‌ಇ ರೂಪದಲ್ಲಿ. ಇಂಟೆಲ್ ಇದರ 2.1 ಆವೃತ್ತಿಯ ನಿಯಮಗಳನ್ನು 1999ರಲ್ಲಿ ಪ್ರಕಟಿಸಿತು. ಪ್ರತ್ಯೇಕ ಚಿಪ್ ಕೊಂಡು ಕೂರಿಸುವ ಕೆಲಸ ತಪ್ಪಿತು. ಮದರ್‌ಬೋರ್ಡಿನ ಮೇಲೇ ಇರುವ ಲ್ಯಾನ್, ಅದರ ಬೂಟ್ ಪ್ರೋಗ್ರಾಂ ಬಯಾಸಿನ ಒಳಗೇ. ಸೆಟಪ್ಪಿನಲ್ಲಿ 'ಆನ್‌ಬೋರ್ಡ್ ಲ್ಯಾನ್ ಬೂಟ್ ರಾಮ್' ಎಂಬುದನ್ನು ಎನೇಬಲ್ ಮಾಡಿ, ಬೂಟ್ ಪಟ್ಟಿಯಲ್ಲಿ ನೆಟ್‌ವರ್ಕನ್ನು ಮೇಲೆ ತಂದರೆ ಮುಗಿಯಿತು.

ವಿಟಿಯು ಪ್ರಾಯೋಗಿಕ ಪರೀಕ್ಷೆಗೆ ಮೊದಲು ಲ್ಯಾಬಿನ ಎಲ್ಲ ಯಂತ್ರಗಳಲ್ಲೂ ಒಂದೇ ಕಂಪೈಲರ್, ಒಂದೇ ಡೇಟಾಬೇಸ್ ಇರಬೇಕಾಗುತ್ತಿತ್ತು. ಸಿ.ಡಿ. ಹಿಡಿದು ಯಂತ್ರದಿಂದ ಯಂತ್ರಕ್ಕೆ ಹೋಗುತ್ತಿದ್ದ ಕೆಲಸ ಪಿಎಕ್ಸ್‌ಇಯಿಂದ ಒಂದೇ ಸಂಜೆಗೆ ಇಳಿಯಿತು. ಸರಿಯಾಗಿ ಸಿದ್ಧಮಾಡಿದ ಒಂದು ಯಂತ್ರದ ಇಮೇಜನ್ನು ಲಿನಕ್ಸ್ ಸರ್ವರಿನಲ್ಲಿ ಇಟ್ಟು, ಉಳಿದವನ್ನೆಲ್ಲ ನೆಟ್‌ವರ್ಕಿನಿಂದ ಎಬ್ಬಿಸಿ, ತೈವಾನಿನಲ್ಲಿ ತಯಾರಾದ ಕ್ಲೋನ್‌ಜಿಲ್ಲಾ ಮೂಲಕ ಎಲ್ಲಕ್ಕೂ ಒಟ್ಟಿಗೆ ಸುರಿಯುತ್ತಿದ್ದೆವು.

ಆ ಹೊತ್ತಿನಲ್ಲಿ ಪರದೆಯ ಮೇಲೆ ನಡೆಯುವುದನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆಯೇ. ಮೊದಲು ಲ್ಯಾನಿನ ಮ್ಯಾಕ್ ವಿಳಾಸ ಕಾಣುತ್ತದೆ. ಅದರ ಕೆಳಗೆ ಡಿಎಚ್‌ಸಿಪಿ ಎಂದು ಬಂದು ಮುಂದೆ ಚುಕ್ಕಿಗಳು ಬೀಳುತ್ತವೆ. ನನಗೊಂದು ಐಪಿ ವಿಳಾಸ ಕೊಡಿ, ಬೂಟ್ ಫೈಲು ಎಲ್ಲಿದೆ ಹೇಳಿ ಎಂದು ಯಂತ್ರ ಇಡೀ ನೆಟ್‌ವರ್ಕಿಗೆ ಕೂಗಿ ಕೇಳುತ್ತಿದೆ ಎಂದು ಅದರರ್ಥ. ಉತ್ತರ ಬಂದರೆ ಟಿಎಫ್‌ಟಿಪಿ ಎಂಬ ಸರಳ ಕ್ರಮದಲ್ಲಿ ಆ ಫೈಲು ಇಳಿಯತೊಡಗುತ್ತದೆ. 512 ಬೈಟಿನ ಒಂದು ತುಂಡು ಬರಬೇಕು, ಬಂತೆಂದು ಯಂತ್ರ ತಿಳಿಸಬೇಕು, ಆಮೇಲೆ ಮುಂದಿನ ತುಂಡು. ಉತ್ತರವೇ ಬಾರದಿದ್ದರೆ ಪಿಎಕ್ಸ್‌ಇ-ಇ51. ವಿಳಾಸ ಸಿಕ್ಕಿ ಫೈಲಿನ ಹೆಸರು ಸಿಗದಿದ್ದರೆ ಪಿಎಕ್ಸ್‌ಇ-ಇ53. ಹೆಸರು ಸಿಕ್ಕಿ ಫೈಲು ಬಾರದಿದ್ದರೆ ಪಿಎಕ್ಸ್‌ಇ-ಇ32. ಸಂಖ್ಯೆ ಯಾವುದೆಂದು ನೋಡಿದರೆ ಎಡವಿದ್ದು ಎಲ್ಲಿ ಎಂದು ತಿಳಿಯುತ್ತಿತ್ತು.

ಒಂದು ತೊಡಕು ಮಾತ್ರ ಯಾವ ಸಂಖ್ಯೆಯಲ್ಲೂ ನೇರವಾಗಿ ಹೇಳದಂಥದ್ದು. ಹಳೆಯ ಹಬ್ ತೆಗೆದು ಒಳ್ಳೆಯ ಸ್ವಿಚ್ ಹಾಕಿದ ಮೇಲೆ ಯಂತ್ರಗಳು ಇ51 ಎನ್ನತೊಡಗಿದವು. ಸರ್ವರ್ ಸರಿ, ಕೇಬಲ್ ಸರಿ. ಕಾರಣ ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ. ಯಂತ್ರ ಆನ್ ಆಗಿ ಪೋರ್ಟಿನ ದೀಪ ಹತ್ತಿದ ಮೇಲೂ, ಜಾಲದಲ್ಲಿ ಎಲ್ಲೂ ಸುತ್ತು ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸ್ವಿಚ್ ಸುಮಾರು 30 ಸೆಕೆಂಡು ಆ ಪೋರ್ಟಿನಲ್ಲಿ ಡೇಟಾ ಬಿಡುವುದಿಲ್ಲ. ಅಷ್ಟರಲ್ಲಿ ಪಿಎಕ್ಸ್‌ಇ ಕೂಗಿ ಸೋತಿರುತ್ತದೆ. ಯಂತ್ರಗಳಿರುವ ಪೋರ್ಟುಗಳಲ್ಲಿ ಪೋರ್ಟ್‌ಫಾಸ್ಟ್ ಹಾಕಿದಾಗ ತೊಂದರೆ ನಿಂತಿತು.

ಮನೆಗಳಲ್ಲಿ ಈ ನೆಟ್‌ವರ್ಕ್ ಬೂಟ್ ಬೇರೊಂದು ಗೊಂದಲ ತಂದಿತು. "ಕಾಕಾ, ಕೇಬಲ್ ಚೆಕ್ ಮಾಡ್ರಿ ಅಂತ ಬರಾಕತ್ತೈತ್ರಿ. ನಮ್ಮನ್ಯಾಗ ಕೇಬಲ್ಲೇ ಇಲ್ಲ" ಎಂದು ಬಂಧುಗಳ ಹುಡುಗರು ಫೋನ್ ಮಾಡುತ್ತಿದ್ದರು. ಪರದೆಯ ಮೇಲಿದ್ದದ್ದು ಪಿಎಕ್ಸ್‌ಇ-ಇ61, ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್. ಈ ಸಂದೇಶ ಈಗಲೂ ಹಲವರನ್ನು ದಾರಿ ತಪ್ಪಿಸುತ್ತದೆ. ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಪಟ್ಟಿಯಲ್ಲಿ ಮೇಲಿದ್ದ ಡಿಸ್ಕಿನಿಂದ ಏಳಲು ಆಗದೆ ಯಂತ್ರ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ನೆಟ್‌ವರ್ಕಿಗೆ ಬಂದಿದೆ, ಅಲ್ಲೂ ಏನೂ ಸಿಕ್ಕಿಲ್ಲ. ನೋಡಬೇಕಾದದ್ದು ಡಿಸ್ಕನ್ನು. ಸೆಟಪ್ಪಿನಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೇ? ಕಾಣದಿದ್ದರೆ ಅದು ಸಡಿಲವಾಗಿದೆ ಅಥವಾ ಸತ್ತಿದೆ. ಕಂಡರೆ ಪಟ್ಟಿ ಏರುಪೇರಾಗಿರಬಹುದು, ಇಲ್ಲವೇ ಬೂಟ್ ಫೈಲು ಕೆಟ್ಟಿರಬಹುದು.

ಹಳೆಯ ಪಿಎಕ್ಸ್‌ಇಯ ದೊಡ್ಡ ದೋಷ ನಂಬಿಕೆಯದೇ. ಸಂತೆಯ ನಡುವೆ ನಿಂತು "ನನ್ನ ಮನೆ ಯಾವುದು?" ಎಂದು ಕೂಗಿ, ಉತ್ತರ ಕೊಟ್ಟವನ ಹಿಂದೆ ನಡೆದುಬಿಟ್ಟಂತೆ ಅದರ ವರ್ತನೆ. ಅದೇ ನೆಟ್‌ವರ್ಕಿನಲ್ಲಿ ಇನ್ನಾರಾದರೂ ಡಿಎಚ್‌ಸಿಪಿ ಸರ್ವರ್ ಎಬ್ಬಿಸಿ ಮೊದಲು ಉತ್ತರಿಸಿದರೆ ಯಂತ್ರ ಅವರ ಪ್ರೋಗ್ರಾಮನ್ನು ಓಡಿಸುತ್ತಿತ್ತು. ಫ್ಲಾಪಿಗೆ ಕೈ ಬೇಕಿತ್ತು, ಇದಕ್ಕೆ ತಂತಿ ಸಾಕು.

ಈಗಿನ ಯಂತ್ರದ ಸೆಟಪ್ ತೆರೆದರೆ ಕಾಣುವುದು ಬೇರೆಯೇ ಲೋಕ. ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗಾಗಿ ಶುರುಮಾಡಿದ ಇಎಫ್‌ಐ, 2005ರಲ್ಲಿ ಯುಇಎಫ್‌ಐ ಫೋರಂ ಕೈಗೆ ಬಂದು, ಬಯಾಸಿನ ಜಾಗವನ್ನು ಪೂರ್ತಿ ತೆಗೆದುಕೊಂಡಿದೆ. ಮೊದಲ ಸೆಕ್ಟರನ್ನು ಕಣ್ಣುಮುಚ್ಚಿ ಓಡಿಸುವ ಕ್ರಮ ಹೋಗಿ, ಡಿಸ್ಕಿನಲ್ಲಿ ಫ್ಯಾಟ್32 ಮಾದರಿಯ ಪ್ರತ್ಯೇಕ ಪಾರ್ಟಿಷನ್, ಅದರಲ್ಲಿ ಹೆಸರುಳ್ಳ ಬೂಟ್ ಫೈಲುಗಳು. ಬೂಟ್ ಪಟ್ಟಿ ಮದರ್‌ಬೋರ್ಡಿನ ಶಾಶ್ವತ ಮೆಮೊರಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್', 'ಉಬುಂಟು' ಎಂಬ ಹೆಸರುಗಳಿಂದಲೇ ಇರುತ್ತದೆ. ಹಳೆಯ ಪಾರ್ಟಿಷನ್ ಪಟ್ಟಿಗೆ 2 ಟೆರಾಬೈಟಿನ ಮಿತಿಯಿತ್ತು. ಜಿಪಿಟಿ ಎಂಬ ಹೊಸ ಪಟ್ಟಿ ಅದನ್ನು ದಾಟಿತು. ಒಂದೇ ಪೆನ್ ಡ್ರೈವು ಪಟ್ಟಿಯಲ್ಲಿ ಎರಡು ಸಲ ಕಂಡರೆ ಗಾಬರಿಯಾಗಬೇಕಿಲ್ಲ. ಹೆಸರಿಗೆ ಮೊದಲು 'ಯುಇಎಫ್‌ಐ' ಎಂದಿರುವುದು ಹೊಸ ದಾರಿ, ಬರಿಯ ಹೆಸರು ಹಳೆಯ ದಾರಿ. ಜಿಪಿಟಿ ಡಿಸ್ಕಿಗೆ ವಿಂಡೋಸ್ ಹಾಕುವವರು ಮೊದಲನೆಯದನ್ನೇ ಆರಿಸಬೇಕು.

ನಿಜವಾದ ಬದಲಾವಣೆ ಸೆಕ್ಯೂರ್ ಬೂಟ್. 2012ರಲ್ಲಿ ವಿಂಡೋಸ್ 8ರ ಜೊತೆ ಇದು ಹೊಸ ಲ್ಯಾಪ್‌ಟಾಪುಗಳಿಗೆ ಬಂತು. ಬೂಟ್ ಫೈಲಿನ ಮೇಲೆ ಡಿಜಿಟಲ್ ಸಹಿ ಇರಬೇಕು, ಆ ಸಹಿ ಫರ್ಮ್‌ವೇರಿನ ಒಪ್ಪಿಗೆಯ ಪಟ್ಟಿಗೆ ಹೊಂದಬೇಕು, ನಿಷೇಧದ ಪಟ್ಟಿಯಲ್ಲಿ ಇರಬಾರದು. 446 ಬೈಟಿನ ಕಾಲದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಯಂತ್ರ ಈಗ ಕೇಳುತ್ತದೆ. ಪ್ರೋಗ್ರಾಂ ಎಲ್ಲಿಂದ ಬಂತು ಎಂಬುದರ ಜೊತೆಗೆ ಯಾರಿಂದ ಬಂತು ಎಂಬುದೂ ಬೇಕು. ನೆಟ್‌ವರ್ಕಿನಿಂದ ಬಂದ ಫೈಲಿಗೂ ಇದೇ ಪರೀಕ್ಷೆ. 2015ರ ಯುಇಎಫ್‌ಐ 2.5 ಆವೃತ್ತಿಯಿಂದ ಎಚ್‌ಟಿಟಿಪಿ ಬೂಟ್ ಕೂಡ ಇದೆ; ಟಿಎಫ್‌ಟಿಪಿಯ ತುಂಡು ತುಂಡಿನ ಸಾಗಾಟ ಅದರಲ್ಲಿಲ್ಲ.

ಇದು ಒಳ್ಳೆಯದೇ. ನಮ್ಮ ಹಳೆಯ ಲ್ಯಾಬಿನಲ್ಲಿ ಒಂದು ಬೂಟ್ ಫ್ಲಾಪಿ ಇದ್ದವನು ಯಾವ ಯಂತ್ರದ ಯಾವ ಫೈಲನ್ನೂ ಓದಬಲ್ಲವನಾಗಿದ್ದ. ಇಂದು ಡಿಸ್ಕನ್ನು ಗೂಢಲಿಪಿಯಾಗಿಸುವ ಬಿಟ್‌ಲಾಕರ್ ಹಾಕಿದ ಲ್ಯಾಪ್‌ಟಾಪ್ ಕದ್ದವನಿಗೆ ಡಿಸ್ಕಿನಲ್ಲಿರುವುದು ಅರ್ಥವಿಲ್ಲದ ಬೈಟುಗಳು. ಆ ದಿನಗಳೇ ಚೆನ್ನಾಗಿದ್ದವು ಎಂದು ನಾನು ಹೇಳಲಾರೆ.

ಆದರೆ ಈ ಸಹಿ, ಕೀಲಿಗಳ ಬೆಲೆಯನ್ನೂ ತಿಳಿದಿರಬೇಕು. ಒಪ್ಪಿಗೆಯ ಪಟ್ಟಿಯಲ್ಲಿ ಬಹುತೇಕ ಯಂತ್ರಗಳಲ್ಲಿರುವುದು ಮೈಕ್ರೋಸಾಫ್ಟಿನ ಸರ್ಟಿಫಿಕೇಟುಗಳು. ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ಏಳುವುದೂ ಅವರು ಸಹಿ ಮಾಡಿದ ಶಿಮ್ ಎಂಬ ಪುಟ್ಟ ಪ್ರೋಗ್ರಾಮಿನ ಮೂಲಕ. 2011ರ ಆ ಸರ್ಟಿಫಿಕೇಟುಗಳ ಅವಧಿ 2026ಕ್ಕೆ ಮುಗಿಯುವಂಥದ್ದು. 2023ರ ಹೊಸವನ್ನು ಕೋಟ್ಯಂತರ ಯಂತ್ರಗಳ ಫರ್ಮ್‌ವೇರಿಗೆ ತಲುಪಿಸಬೇಕಾಗಿದೆ. ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಬೂಟ್ ಸೆಟ್ಟಿಂಗ್ ಬದಲಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಸೆಟಪ್ ಪುಟ ಮುಟ್ಟಬಾರದು. ಸಹಿಯ ಪರೀಕ್ಷೆಗೆ ಮೊದಲೇ ಓಡುವ ನೆಟ್‌ವರ್ಕ್ ಕೋಡಿನಲ್ಲೂ ಬಿರುಕುಗಳಿವೆ. 2024ರ ಜನವರಿಯಲ್ಲಿ ಕ್ವಾರ್ಕ್ಸ್‌ಲ್ಯಾಬ್ ಸಂಶೋಧಕರು ಪಿಕ್ಸಿಫೇಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ಒಂಬತ್ತು ದೋಷಗಳು, ಹಲವು ಕಂಪನಿಗಳ ಫರ್ಮ್‌ವೇರಿಗೆ ಮೂಲವಾದ ಇಡಿಕೆ2 ಕೋಡಿನ ಐಪಿವಿ6 ಭಾಗದಲ್ಲಿದ್ದವು. ಬಳಸದ 'ನೆಟ್‌ವರ್ಕ್ ಸ್ಟ್ಯಾಕ್' ಆನ್ ಇಟ್ಟಿರುವುದಕ್ಕೂ ಒಂದು ಬೆಲೆಯಿದೆ ಎಂಬುದಕ್ಕೆ ಇದು ಸಾಕ್ಷಿ.

2024ರ ಜುಲೈ 19ರಂದು ಸೆಟಪ್ ಪುಟದ ಮಹತ್ವ ಇನ್ನೊಂದು ಬಗೆಯಲ್ಲಿ ಕಂಡಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು. ತಪ್ಪು ಫೈಲೊಂದನ್ನು ಅಳಿಸಿದರೆ ಸಾಕಿತ್ತು. ಆದರೆ ವಿಂಡೋಸ್ ಏಳದೆ ಅಳಿಸುವುದು ಹೇಗೆ? ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ದುರಸ್ತಿ ಸಾಧನಕ್ಕೆ ಎರಡು ದಾರಿಗಳಿದ್ದವು: ಯುಎಸ್‌ಬಿ ಹಿಡಿದು ಪ್ರತಿ ಯಂತ್ರದ ಬಳಿ ಹೋಗುವುದು, ಇಲ್ಲವೇ ಪಿಎಕ್ಸ್‌ಇಯಿಂದ ಎಬ್ಬಿಸುವುದು. ನೆಟ್‌ವರ್ಕ್ ಬೂಟನ್ನು ಮೊದಲೇ ಸಿದ್ಧಮಾಡಿ ಪರೀಕ್ಷಿಸಿದ್ದವರಿಗೆ ಎರಡನೆಯ ದಾರಿ ತೆರೆದಿತ್ತು. ಬಿಟ್‌ಲಾಕರ್ ಕೀ ಎಲ್ಲಿದೆ ಎಂದೇ ತಿಳಿಯದವರಿಗೆ ಯಾವ ದಾರಿಯೂ ಸುಲಭವಾಗಿರಲಿಲ್ಲ.

ಹಳೆಯ ಲ್ಯಾಬಿನಲ್ಲಿ ಯಂತ್ರ ಎಲ್ಲಿಂದ ಏಳುತ್ತದೆ ಎಂಬುದು ಅಟೆಂಡರಿಗೂ ತಿಳಿದಿತ್ತು, ಏಕೆಂದರೆ ತಿಳಿಯದೆ ಬೆಳಿಗ್ಗೆಯ ಬ್ಯಾಚ್ ಕೂರಿಸಲು ಆಗುತ್ತಿರಲಿಲ್ಲ. ಈಗ ಸ್ವಿಚ್ ಒತ್ತಿದರೆ ಕಂಪನಿಯ ಲೋಗೊ ಬಂದು ಕೆಲವೇ ಸೆಕೆಂಡುಗಳಲ್ಲಿ ಡೆಸ್ಕ್‌ಟಾಪ್ ತೆರೆಯುತ್ತದೆ. ಲ್ಯಾಬಿಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಸೆಟಪ್ ಪುಟವನ್ನು ಕಂಡೇ ಇರುವುದಿಲ್ಲ. ನಾನು ಈಗ ಕಲಿಸುವ ಎಡೆಯಲ್ಲೆಲ್ಲ ಮೊದಲ ವಾರದಲ್ಲೇ ಅವರನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಯಾವುದನ್ನೂ ಬದಲಿಸದೆ, ಪಟ್ಟಿಯ ಪ್ರತಿ ಸಾಲು ಏನು ಮಾಡುತ್ತದೆ, ಅದು ಯಾರನ್ನು ನಂಬುತ್ತದೆ ಎಂದು ಬರೆಯಿಸುತ್ತೇನೆ.

ಮನೆಯವರಿಗೂ ಸಂಸ್ಥೆಗಳಿಗೂ ನಾನು ಹೇಳುವುದು ಇಷ್ಟೇ. ಮನೆಯ ಲ್ಯಾಪ್‌ಟಾಪಿನಲ್ಲಿ ಸ್ವಂತ ಡಿಸ್ಕ್ ಮೊದಲಿರಲಿ, ನೆಟ್‌ವರ್ಕ್ ಬೂಟ್ ಆಫ್ ಇರಲಿ, ಸೆಕ್ಯೂರ್ ಬೂಟ್ ಆನ್ ಇರಲಿ. ಲ್ಯಾಬು, ಕಚೇರಿಗಳಲ್ಲಿ ನೆಟ್‌ವರ್ಕ್ ಬೂಟ್ ಬೇಕಿದ್ದರೆ ಅದಕ್ಕೆ ಉತ್ತರಿಸುವ ಸರ್ವರ್ ಯಾವುದು, ಆ ಸರ್ವರಿಗೆ ಹೊಣೆ ಯಾರು ಎಂಬುದು ಕಾಗದದಲ್ಲಿ ಇರಲಿ. ಸೆಟಪ್ ಪಾಸ್‌ವರ್ಡೂ ರಿಕವರಿ ಕೀಗಳೂ ಒಬ್ಬರ ತಲೆಯಲ್ಲಿ ಮಾತ್ರ ಉಳಿಯದಿರಲಿ. ಯಂತ್ರ ಮೊದಲು ಯಾರ ಮಾತು ಕೇಳಬೇಕೆಂದು ಅದರ ಒಡೆಯರು ತೀರ್ಮಾನಿಸದಿದ್ದರೆ, ಕಾರ್ಖಾನೆಯ ಡೀಫಾಲ್ಟ್ ತೀರ್ಮಾನಿಸುತ್ತದೆ. ಅದು ನಮ್ಮ ಲ್ಯಾಬನ್ನಾಗಲಿ ನಮ್ಮ ಮನೆಯನ್ನಾಗಲಿ ನೋಡಿ ಮಾಡಿದ ತೀರ್ಮಾನವಲ್ಲ.